ಕವಲಿನ ನಾಟಿಯವಳು

ನಮ್ಮೂರ ರಸ್ತೆ ಕವಲಿನಲ್ಲಿ ನಾಟಿ ಮಾಡುವ ಹೆಂಗಸಿನ ಪ್ರತಿಮೆ ನಿಲ್ಲಿಸಿದ್ದಾರೆ. ನನಗೆ ಅದನ್ನು ಕಂಡರಾಗದು.

ಉದ್ಘಾಟನೆಯ ದಿನ ನನ್ನ ಅಮ್ಮನನ್ನೂ ಅವಳ ಜೊತೆ ನಾಟಿಗೆ ಹೋಗುವವರನ್ನೂ ಕರೆಸಿ, ಕೈಗೆ ದೀಪದ ತಟ್ಟೆ ಕೊಟ್ಟು, ಅತಿಥಿಗಳು ಬರುವವರೆಗೆ ಬಿಸಿಲಲ್ಲಿ ನಿಲ್ಲಿಸಿದರು. ಪ್ರತಿಮೆಯ ಮೇಲಿನ ಪರದೆ ಸರಿಯಿತು. ತುಟಿಗೆ ಕೆಂಪು ಬಣ್ಣ ಬಳಿದುಕೊಂಡ ಒಬ್ಬಳು ಪೈರಿನ ಕಟ್ಟು ಹಿಡಿದು, ನೆಟ್ಟ ಸಾಲಿನ ಮೇಲೆಯೇ ಮುಂದಕ್ಕೆ ಕಾಲಿಟ್ಟು ನಗುತ್ತಿದ್ದಳು.

"ನಾವು ಹಿಂದಕ್ಕೆ ಹೋಗ್ತಾ ನೆಡೋದು ಮಗಾ. ಇವಳು ನೆಟ್ಟಿದ್ದನ್ನೇ ತುಳೀತಾ ಇದ್ದಾಳಲ್ಲ. ಪಣಿ-ಕೆಲಸ ಗೊತ್ತಿರೋರನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಪ್ರತಿಮೆ ಸಮಿತಿಯ ಒಬ್ಬನಿಗೆ ನಾನದನ್ನು ತಿಳಿಸಿದೆ. "ಬಗ್ಗಿ ಹಿಂದೆ ಹಿಂದೆ ಹೋಗೋ ಹೆಂಗಸು ನೋಡೋಕೆ ಚೆನ್ನಾಗಿರಲ್ಲ ಟೀಚರೇ," ಎಂದು ನಕ್ಕ.

ಅದೂ ಹೋಗಲಿ. ಪ್ರತಿಮೆಗೆ ಜಾಗ ಬೇಕೆಂದು ಇವರು ಕೆಡವಿದ್ದು ಅಲ್ಲಿದ್ದ ತಗಡಿನ ಶೆಡ್ಡನ್ನು. ಪನಮರಂ ಕಡೆಯ ಗದ್ದೆಗಳಿಂದ ಜೀಪಿನಲ್ಲಿ ಬಂದಿಳಿಯುವ ಹೆಂಗಸರು ಕೆಸರು ಮೆತ್ತಿದ ಸೀರೆ ಬದಲಿಸಲು ಇದ್ದದ್ದು ಆ ಶೆಡ್ಡು ಒಂದೇ. ಕೆಸರು ಸೀರೆಯಲ್ಲಿದ್ದರೆ ಅಲ್ಲಿಂದ ಮನೆ ಕಡೆಗೆ ಹೋಗುವ ಬಸ್ಸಿಗೆ ಅವರನ್ನು ಹತ್ತಿಸುವುದಿಲ್ಲ.

ಮೊನ್ನೆ ಸಂಜೆ ಅಮ್ಮ ಪ್ರತಿಮೆಯ ಹಿಂದೆ ಮುದುಡಿ ಕೂತು ಸೀರೆ ಬದಲಿಸುತ್ತಿದ್ದಳು. ಜೊತೆಯ ಇಬ್ಬರು ಹೆಂಗಸರು ಅವಳ ಸುತ್ತ ಟವೆಲು ಹಿಡಿದು ನಿಂತಿದ್ದರು. ಅದೇ ಸಮಿತಿಯವನು ಪ್ರತಿಮೆಯ ಮುಂದೆ ಯಾರದೋ ಫೋಟೊ ತೆಗೆಯುತ್ತಿದ್ದ. ಅವನು ಮೊಬೈಲು ಇಳಿಸಿ, ಆ ಹೆಂಗಸರತ್ತ ಕೈಬೀಸಿದ.

"ಸ್ವಲ್ಪ ಆಚೆ ಹೋಗಿ. ಫೋಟೊದಲ್ಲಿ ನೀವು ಬೀಳ್ತಾ ಇದ್ದೀರಿ."