ರಶೀನಾಳ ಒಂದೇ ಅಳತೆಯ ಸಾಲುಗಳು

ರಶೀನಾ ಕಟ್ಟಿದ ಒಂದೇ ಒಂದು ಬೀಡಿಯೂ ಕಂಪೆನಿಯ ಬ್ರಾಂಚಿನಿಂದ ವಾಪಸು ಬಂದದ್ದು ನನಗೆ ನೆನಪಿಲ್ಲ. ಚೆಕ್ಕರ್ ಹುಕ್ರಪ್ಪ ನಮ್ಮೆಲ್ಲರ ಕಟ್ಟು ಬಿಚ್ಚಿ, ಉದ್ದವೋ ಗಿಡ್ಡವೋ ಆದದ್ದನ್ನು ಮುರಿದು ಬಿಸಾಡುತ್ತಿದ್ದ. ಇವಳ ಕಟ್ಟನ್ನು ಮಾತ್ರ ಅಂಗೈಯಲ್ಲಿ ಒಮ್ಮೆ ತಿರುಗಿಸಿ ಒಳಗೆ ಇಡುತ್ತಿದ್ದ.

ಪೊಳಲಿಯ ಹತ್ತಿರ ನಮ್ಮಿಬ್ಬರ ಮನೆಗೂ ನಡುವೆ ಒಂದು ಮಣ್ಣಿನ ದರೆ ಮಾತ್ರ. ಅವಳ ತಂದೆ ಯಾಕೂಬ್ ಗಲ್ಫಿನಲ್ಲಿ. ತಾಯಿ ರುಕಿಯಾ ಮನೆಯಲ್ಲಿ. ಶಾಲೆ ಬಿಟ್ಟು ಬಂದ ಕೂಡಲೇ ರಶೀನಾ ಬೀಡಿ ಕಟ್ಟುವ ಮೊರ, ತಡ್ಪೆ, ಹಿಡಿದುಕೊಂಡು ನನ್ನ ಜಗಲಿಗೆ ಬರುತ್ತಿದ್ದಳು. ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕಿ ಸುತ್ತುವುದು, ನೂಲು ಕಟ್ಟುವುದು ಎಲ್ಲ ಆ ತಡ್ಪೆಯಲ್ಲೇ. ನನ್ನ ಯಜಮಾನರು ತೀರಿಹೋಗಿ ಆಗ ಮೂರು ವರ್ಷ. ಜಗಲಿಯಲ್ಲಿ ಅವಳ ಮಾತು ಇದ್ದರೆ ನನಗೂ ಹೊತ್ತು ಹೋಗುತ್ತಿತ್ತು. ನನ್ನ ತಡ್ಪೆಯಲ್ಲಿ ಒಂದು ಬೀಡಿ ತುಸು ಉದ್ದ ಕಂಡರೂ ಅವಳಿಗೆ ತಡೆಯುತ್ತಿರಲಿಲ್ಲ. ಕೈ ಹಾಕಿಯೇ ಹಾಕುವಳು.

"ನಿನಗೆ ಎಂತ ತುರಿಕೆಯಾ ಮಾರಾಯ್ತಿ?"

"ಕಣ್ಣಿಗೆ ಚುಚ್ಚುತ್ತದೆ ಪ್ರೇಮಕ್ಕ. ಎಲ್ಲ ಒಂದೇ ಅಳತೆ ಇರಬೇಕು."

ಪಿಯುಸಿ ಆದ ಮೇಲೆ ಬೀಡಿಯ ದುಡ್ಡಿನಲ್ಲೇ ಬಿ.ಸಿ.ರೋಡಿಗೆ ಹೋಗಿ ಕಂಪ್ಯೂಟರ್ ಕಲಿತಳು. ಎರಡು ಸಾವಿರದ ಮೂರರಲ್ಲಿ ಮೂಡುಬಿದಿರೆಯಲ್ಲಿ ಒಂದು ಸಮಿತಿಯವರು ಧರ್ಮಾರ್ಥ ಕಣ್ಣಿನ ಶಿಬಿರ ಮಾಡುವಾಗ ಹೆಸರು ಬರೆಯುವ ಕೆಲಸ ಅವಳಿಗೆ ಸಿಕ್ಕಿತು. ಅದು ಅವಳ ಮೊದಲ ಕೆಲಸ.

ನನ್ನ ತಮ್ಮ ತುಕ್ರಪ್ಪ ಕೊಕ್ಕಡದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವನು. ಕಣ್ಣಿಗೆ ಪೊರೆ ಬಂದು ಮರದ ಬುಡವೇ ಕಾಣದ ಹಾಗಾಗಿತ್ತು. ಅವನನ್ನು ಆ ಶಿಬಿರಕ್ಕೆ ಸೇರಿಸಲು ನಾನೇ ಕರೆದುಕೊಂಡು ಹೋದೆ. ಅವನ ವಿಷಯದಲ್ಲಿ ನನಗೆ ಒಂದು ದೊಡ್ಡ ಹೆದರಿಕೆ ಇತ್ತು. ಹತ್ತು ವರ್ಷದ ಹಿಂದೆ ಕಾಲಿಗೆ ಮುಳ್ಳು ಹೊಕ್ಕಾಗ ಪೆನ್ಸಿಲಿನ್ ಸೂಜಿ ಕೊಟ್ಟಿದ್ದರು. ಐದು ನಿಮಿಷದಲ್ಲಿ ಮುಖ ಬಾತು, ಉಸಿರು ನಿಂತೇ ಹೋಗಿತ್ತು. ಹೇಗೋ ಬದುಕಿಸಿದ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು ಹೇಳಿದ್ದರು: "ಈ ಮದ್ದು ಇವನಿಗೆ ಇನ್ನು ಜನ್ಮದಲ್ಲಿ ಕೊಡಬಾರದು. ಇನ್ನೊಮ್ಮೆ ಆದರೆ ಉಳಿಯುವುದಿಲ್ಲ."

ಆ ಚೀಟಿಯನ್ನು ರಶೀನಾಳಿಗೆ ತೋರಿಸಿದೆ. ಅವಳು ಕಂಪ್ಯೂಟರಿನಲ್ಲಿ ಒತ್ತಿದಳು.

"ಬರೆದೆಯಾ?"

"ಬರೆದೆ. ನೀವೇ ಓದಿ ನೋಡಿ ಪ್ರೇಮಕ್ಕ."

ನಾನು ನಾಲ್ಕನೆಯ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅವನ ಹೆಸರಿನ ಮುಂದೆ, ಮೇಲೆ: 'ಬಲಗಣ್ಣು. ಬಿಪಿ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ.' ಅದರ ಕೆಳಗೆ: 'ಪೆನ್ಸಿಲಿನ್ ಸೂಜಿ ಆಗುವುದಿಲ್ಲ.' ಕಣ್ಣಾರೆ ನೋಡಿದ್ದು. ಅದೇ ಧೈರ್ಯದಲ್ಲಿ ಆಪರೇಷನಿನ ದಿನ ಚೀಟಿಯನ್ನು ಮನೆಯಲ್ಲೇ ಬಿಟ್ಟು ಬಂದೆ. ಕಂಪ್ಯೂಟರಿನಲ್ಲಿ ಉಂಟಲ್ಲ, ಇನ್ನು ಯಾಕೆ ಎಂದು.

ಶಿಬಿರ ಒಂದು ಶಾಲೆಯಲ್ಲಿ. ಬಾಗಿಲಿಗೆ ಅರುವತ್ತನಾಲ್ಕು ಜನರ ಪಟ್ಟಿ ಅಂಟಿಸಿದ್ದರು. ಅದರದ್ದೇ ಇನ್ನೊಂದು ಪ್ರತಿ ಒಳಗೆ ನರ್ಸಿನ ಕೈಯಲ್ಲಿ. ನೋಡಲು ಎಷ್ಟು ಚಂದ! ಒಬ್ಬೊಬ್ಬರಿಗೆ ಗೆರೆ ಎಳೆದ ಒಂದೊಂದು ಸಾಲು; ಗೆರೆಯೆಲ್ಲ ನೇರ, ಸಾಲೆಲ್ಲ ಸಮ. ಸಮಿತಿಯ ಕಾರ್ಯದರ್ಶಿ ಜಯಪ್ರಕಾಶರು ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದರು.

"ನೋಡಿ, ನಮ್ಮ ಹುಡುಗಿ ಮಾಡಿದ್ದು. ಅಚ್ಚು ಹಾಕಿದ ಹಾಗೆ ಉಂಟು."

"ಮೊದಲು ಒಂದು ಸಾಲು ಉದ್ದ, ಒಂದು ಗಿಡ್ಡ ಇತ್ತು ಸಾರ್," ಅಂದಳು ರಶೀನಾ. "ನಿನ್ನೆ ಸಂಜೆ ಕೂತು ಎಲ್ಲ ಒಂದೇ ಅಳತೆಗೆ ತಂದೆ."

ನನಗೂ ಹೆಮ್ಮೆಯೇ. ತುಕ್ರಪ್ಪನನ್ನು ಒಳಗೆ ಕರೆದರು. ನಮ್ಮನ್ನು ಹೊರಗೆ ನಿಲ್ಲಿಸಿದರು. ನಾನು ಸುಮ್ಮನೆ ನಿಂತವಳು ಪಟ್ಟಿಯಲ್ಲಿ ತಮ್ಮನ ಹೆಸರು ಹುಡುಕಿದೆ. ಸಿಕ್ಕಿತು. ಅಕ್ಷರ ಕೂಡಿಸಿದೆ. 'ಬಲಗಣ್ಣು. ಬಿಪಿ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ.' ಅಷ್ಟೇ. ಕೆಳಗೆ ಗೆರೆ. ಗೆರೆಯ ಕೆಳಗೆ ಬೇರೆ ಯಾರದ್ದೋ ಹೆಸರು.

"ರಶೀನಾ, ಸೂಜಿಯ ಮಾತು ಎಲ್ಲಿ?"

"ಉಂಟಲ್ಲ ಪ್ರೇಮಕ್ಕ, ಅಲ್ಲೇ..." ಎನ್ನುತ್ತ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. 

"ಯಾ ಅಲ್ಲಾ! ಸಾಲಿನ ಎತ್ತರ ಗಿಡ್ಡ ಮಾಡುವಾಗ ಕೆಳಗಿನ ಮಾತು ಗೆರೆಯಡಿ ಮುಚ್ಚಿಹೋಗಿದೆ."

ಬಾಗಿಲು ಕಾಯುವವರು "ಏಯ್, ಏಯ್" ಎನ್ನುತ್ತಿದ್ದ ಹಾಗೆಯೇ ಚಪ್ಪಲಿ ಬಿಟ್ಟು ಒಳಗೆ ಓಡಿದಳು. ನಾನು ಬಾಗಿಲಲ್ಲೇ ಉಳಿದೆ.  ಒಳಗಿನಿಂದ ಅವಳ ಕೂಗು ಕೇಳಿಸಿತು: "ಕೊಡಬೇಡಿ ಸಿಸ್ಟರ್! ತುಕ್ರಪ್ಪಣ್ಣನಿಗೆ ಅದು ಆಗುವುದಿಲ್ಲ!"

ಮತ್ತೆ ಏನೂ ಇಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ನನಗೆ ಅದು ಒಂದು ವರ್ಷ.

ಹೊರಗೆ ಬಂದ ನರ್ಸಿನ ಕೈಯಲ್ಲಿ ಅದೇ ಪೆನ್ಸಿಲಿನ್ ತುಂಬಿದ ಸೂಜಿ ಹಾಗೆಯೇ ಇತ್ತು. ಅವನ ತೋಳಿಗೆ ಸ್ಪಿರಿಟ್ ಒರೆಸಿಯೂ ಆಗಿತ್ತಂತೆ. "ಯಾವುದಾದರೂ ಮದ್ದು ಆಗದೆ ಇರುವುದು ಉಂಟಾ ಎಂದು ಕೇಳಿದೆ ಅಮ್ಮ. ಇವರು ಎಲ್ಲ ಆಗ್ತದೆ ಅಂದರು," ಎಂದಳು ನರ್ಸು. 

ಒಳಗೆ ಹೋದವಳೇ ನಾನು ತಮ್ಮನ ಮೇಲೆ ಹರಿಹಾಯ್ದೆ. "ನಿನಗೆ ಬಾಯಿ ಇಲ್ಲವಾ?"

"ಆಗುವುದಿಲ್ಲ ಅಂದರೆ ವಾಪಸು ಕಳಿಸ್ತಾರೋ ಅಂತ ಅಕ್ಕ," ಅಂದ ಅವನು, ಮಗುವಿನ ಹಾಗೆ.

ಜಯಪ್ರಕಾಶರು ಮೆಲ್ಲಗೆ, "ಕಂಪ್ಯೂಟರಿನ ತಪ್ಪು ಅಂತ ಹೇಳುವ. ನೀನು ಸುಮ್ಮನಿರು," ಅಂದರು. ರಶೀನಾ ಸುಮ್ಮನಿರಲಿಲ್ಲ. ಡಾಕ್ಟರ ಎದುರು ನಿಂತು, "ತಪ್ಪು ನನ್ನದು ಸಾರ್. ಇನ್ನೂ ಯಾರದ್ದೆಲ್ಲ ಮುಚ್ಚಿಹೋಗಿದೆಯೋ, ನೋಡಿ ಹೇಳುವ ತನಕ ಯಾರಿಗೂ ಏನೂ ಕೊಡಬೇಡಿ," ಅಂದಳು. ಅರುವತ್ತನಾಲ್ಕು ಸಾಲನ್ನೂ ಒಂದೊಂದಾಗಿ ತೆರೆದು ನೋಡಿ, ಮುಚ್ಚಿಹೋದದ್ದನ್ನು ಪಟ್ಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಳು. ಇನ್ನೂ ಎಂಟು ಜನರದ್ದು ಸಿಕ್ಕಿತು. 

ತುಕ್ರಪ್ಪನಿಗೆ ಬೇರೆ ಮದ್ದು ಕೊಟ್ಟು ಆಪರೇಷನ್ ಮಾಡಿದರು. ಅವನು ಮಲಗಿರುವಾಗ ರಶೀನಾ ನನ್ನನ್ನು ಕಂಪ್ಯೂಟರಿನ ಎದುರು ಕೂರಿಸಿ ಅವನ ಸಾಲಿನ ಗೆರೆಯನ್ನು ಮೌಸಿನಲ್ಲಿ ಹಿಡಿದು ಕೆಳಗೆ ಎಳೆದಳು. ಎಳೆದ ಹಾಗೆ ಆ ಮಾತು ಎದ್ದು ಬಂತು: 'ಪೆನ್ಸಿಲಿನ್ ಸೂಜಿ ಆಗುವುದಿಲ್ಲ.' ಅಲ್ಲೇ ಇತ್ತು! ಅಳಿಸಿಹೋದದ್ದಾದರೆ ನನಗೆ ಅರ್ಥವಾಗುತ್ತಿತ್ತು. ಒಂದಕ್ಷರ ಹೋಗದೆ ಒಳಗೇ ಕೂತುಕೊಂಡು, ನನ್ನ ತಮ್ಮ ಸಾಯುವುದನ್ನು ನೋಡುತ್ತಿತ್ತಲ್ಲ!  

ರಶೀನಾ ಮೂರು ದಿನ ಊಟ ಸರಿ ಮಾಡಲಿಲ್ಲವೆಂದು ರುಕಿಯಾ ಹೇಳಿದಳು. ಕೆಲಸ ಬಿಡುತ್ತೇನೆಂದು ಪತ್ರ ಬರೆದದ್ದನ್ನು ಆ ಡಾಕ್ಟರೇ ವಾಪಸು ಕೊಟ್ಟರಂತೆ. ಆಮೇಲೆ ನಿಝಾರ್ ಎಂಬವನನ್ನು ಮದುವೆಯಾಗಿ ಬೆಳ್ತಂಗಡಿಗೆ ಹೋದಳು. ಅಲ್ಲಿ ಅವಳದ್ದೇ ಕಂಪ್ಯೂಟರ್ ಅಂಗಡಿ ಉಂಟು.

ಅವಳ ಮದುವೆಗೆ ಮೊದಲು, ಮಾರನೆಯ ವರ್ಷದ ಶಿಬಿರದಲ್ಲಿ ತುಕ್ರಪ್ಪನ ಎಡಗಣ್ಣಿನ ಸರದಿ. ಪಟ್ಟಿ ರಶೀನಾಳದ್ದೇ. ಒಂದು ಸಾಲು ಗಿಡ್ಡ, ಒಂದು ಉದ್ದ, ಒಂದಕ್ಕೊಂದು ಸಂಬಂಧವಿಲ್ಲ. ಚೆಕ್ಕರ್ ಹುಕ್ರಪ್ಪ ನೋಡಿದ್ದರೆ ಇಡೀ ಕಟ್ಟನ್ನೇ ಬಿಸಾಡುತ್ತಿದ್ದ. ತುಕ್ರಪ್ಪ ಹೊಸ ಕಣ್ಣಿನಲ್ಲಿ ನೋಡಿ ನಕ್ಕ. "ಅಕ್ಕಾ, ಇದರಲ್ಲಿ ನನ್ನ ಸಾಲೇ ಎಲ್ಲರಿಗಿಂತ ದೊಡ್ಡದು!"

ನನಗೆ ನಗು ಬರಲಿಲ್ಲ. ಬೆರಳಿಟ್ಟು, ಅಕ್ಷರ ಕೂಡಿಸಿ, ಕೊನೆಯ ತನಕ ಓದಿದೆ. ಆಮೇಲೆಯೇ ಹಿಡಿದಿದ್ದ ಅವನ ಕೈ ಬಿಟ್ಟು ಒಳಗೆ ಕಳಿಸಿದೆ.