ಪುಂಡರೀಕಾಕ್ಷ ಮಾಮನ ಮೌನ
ಮುಂಬಯಿ ಹತ್ತಿರದ ಟಿಟ್ವಾಳಾದಾಚೆ ನದಿ ಎಂದೋ ಬಿಟ್ಟುಹೋದ ಹಳೇ ತಿರುವಿನಲ್ಲೊಂದು ಪಕ್ಷಿಧಾಮವಿದೆ. ಅಲ್ಲಿ ನೀರು ಹರಿಯುವುದನ್ನೇ ಮರೆತು ಮಂಜು ಹೊದ್ದು ಮಲಗಿರುತ್ತದೆ. ಪ್ರತಿ ಭಾನುವಾರ ಡೊಂಬಿವಲಿಯಿಂದ ಮೊದಲ ಲೋಕಲ್ ರೈಲು ಹಿಡಿದು ಬಂದು, ನೋಡಬಂದವರಿಗೆ ದಾರಿ ತೋರಿಸುವ ಉಡುಪಿಯ ಪುಂಡರೀಕಾಕ್ಷ ಮಾಮನಿಗೆ ಗದ್ದಲವೆಂದರೆ ಆಗದು. ಯಾರ ಕೈಯಲ್ಲಾದರೂ ಚಿಪ್ಸ್ ಪೊಟ್ಟಣ ಕಂಡರೆ ಸಾಕು, ತುಟಿಗೆ ಬೆರಳಿಟ್ಟು, "ಮೆಲ್ಲ ಮಾರಾಯ್ರೇ, ಹಕ್ಕಿ ಹಾಡುದು ಕೇಳ್ಬೇಕಲ್ವಾ?" ಎನ್ನುತ್ತಾರೆ. ಸೀನಲು ಮೂಗು ಅರಳಿಸಿದವರಿಗೆ ಓಡಿಬಂದು ಕರವಸ್ತ್ರ ಕೊಡುತ್ತಾರೆ. ಒಮ್ಮೆ, ಬೆಂಗಳೂರಿನಿಂದ ಬಂದು ನವಿ ಮುಂಬಯಿಯಲ್ಲಿ ಕೆಲಸಕ್ಕಿದ್ದ ಸಂಯುಕ್ತಾ, "ಮಾಮಾ, ಈಗ ಕೂಗಿದ್ದು ಯಾವ್ ಹಕ್ಕಿ?" ಎಂದು ಕೇಳಿದಳು. ಮಾಮ ಅವಳ ತುಟಿಗಳನ್ನೇ ನೋಡಿದರು. "ಕೂಗಿತಾ? ಮೂವತ್ತು ವರ್ಷ ಹೋಟೆಲಿನ ಗ್ರೈಂಡರ್ ಪಕ್ಕ ನಿಂತ ಕಿವಿ ಮಗಾ, ಈಗ ಎಂತದೂ ಕೇಳುದಿಲ್ಲ. ಹೇಗೆ ಕೂಗಿತು, ಹೇಳು." ಸಂಯುಕ್ತಾ ಅವರ ಕಿವಿಗೆ ಬಾಯಿಟ್ಟು, ನೀರಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರುವಷ್ಟು ಗಟ್ಟಿಯಾಗಿ ಕೂಗಿ ತೋರಿಸಿದಳು.