ಸುಟ್ಟ ಬೆಲ್ಲದ ವಾಸನೆಯ ಕೂಸು

ಕುರುಗೋಡಿನ ರೇಣುಕಾಳನ್ನು ಅವಳ ತಾಯಿಯ ತಮ್ಮ ಎರ್ರೆಪ್ಪನಿಗೇ ಕೊಟ್ಟಿದ್ದರು. ಹೊರಗಿನ ಸಂಬಂಧ ನೋಡುವ ಮಾತೇ ಆ ಮನೆಯಲ್ಲಿ ಬಂದಿರಲಿಲ್ಲ. ಎರ್ರೆಪ್ಪನ ಮನೆ ಕರೂರಿನಲ್ಲಿ, ಕೆಲಸ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ. ಅತ್ತೆ ಜಂಬಮ್ಮ ಅವಳಿಗೆ ಸ್ವಂತ ಅಜ್ಜಿ. ಕೆಮಿಸ್ಟ್ರಿ ಓದಿದ ಮೊಮ್ಮಗಳು ಸೊಸೆಯಾಗಿ ಬಂದಳೆಂದು ಮುದುಕಿ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಗಂಡು ಕೂಸು, ತಲೆತುಂಬ ಕೂದಲು. ಬಾಣಂತನಕ್ಕೆ ಬಂದ ಜಂಬಮ್ಮ ಕೂಸಿನ ಬಟ್ಟೆ ಒಗೆಯುವಾಗ ಮೂಗಿಗೆ ಹಿಡಿದು ನಕ್ಕಳು. "ನೋಡಬೇ, ಇವನ ಉಚ್ಚಿ ಸೈತ ಬೆಲ್ಲದ ಪಾಕ ತಳ ಹತ್ತಿದಂಗ ವಾಸನಿ ಬರ್ತೈತಿ. ಪುಣ್ಯವಂತ ಅದಾನ."

ವಾರ ತುಂಬುವಷ್ಟರಲ್ಲಿ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟಿತು. ಅಳುವ ದನಿ ಸಣ್ಣಗಾಯಿತು. ಹಾಲು ಸಾಲದೆ ಸೊರಗಿದೆ ಎಂದುಕೊಂಡ ಜಂಬಮ್ಮ ರೇಣುಕಾಳಿಂದ ಹಾಲು ಹಿಂಡಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಕೂಸಿಗೆ ಫಿಟ್ಸ್ ಬಂತು. ಬಳ್ಳಾರಿಗೆ ಒಯ್ದರು. ರಕ್ತಕ್ಕೆ ನಂಜೇರಿರಬೇಕು ಎಂದರು ಡಾಕ್ಟರು. ಮರುದಿನ ಕೂಸು ಇರಲಿಲ್ಲ. ಎದೆಯಲ್ಲಿ ಹಾಲು ಇನ್ನೂ ಕಟ್ಟಿಕೊಳ್ಳುತ್ತಿದ್ದ ದಿನಗಳಲ್ಲೇ ನೆರೆಯ ಹೆಂಗಸೊಬ್ಬಳು ಆಡಿದ ಮಾತು ಅವಳ ಕಿವಿಗೆ ಬಿತ್ತು: "ತಾಯಿ ಹಾಲs ವಿಷ ಆಗಿತ್ತೇನೋ."

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಎರ್ರೆಪ್ಪನೇ ಅವಳನ್ನು ಬಳ್ಳಾರಿಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿಸಿದ. ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ದಪ್ಪ ಕಾಗದದ ಮೇಲೆ ಒಣಗಿಸಿ, ಹುಟ್ಟಿನಿಂದ ಬರುವ ರೋಗಗಳ ಪರೀಕ್ಷೆಗೆಂದು ಅಲ್ಲಿಗೆ ಕಳಿಸುತ್ತಿದ್ದರು. ಕಳಿಸುವ ಆಸ್ಪತ್ರೆಗಳು ಕೆಲವೇ. ಕೆಲಸ ಕಲಿಸಿದವನು ಅಮರೇಶ್, ಅವಳಿಗಿಂತ ಹಿರಿಯ, ಮಾತು ನಿಧಾನ.

"ಈ ಮಷೀನು ಅಣುಗಳನ್ನ ತೂಗತೈತಿ ನೋಡಮ್ಮ," ಎಂದ ಮೊದಲ ದಿನ. "ಆದ್ರ ಚಾರ್ಜ್ ಇಲ್ಲದ ಅಣು ಇದಕ್ಕ ಕಾಣಂಗಿಲ್ಲ. ಮೊದಲು ಅದಕ್ಕ ಚಾರ್ಜ್ ಹತ್ತಿಸಬೇಕು."

ಒಣ ರಕ್ತದ ಚುಕ್ಕೆಯನ್ನು ದ್ರಾವಣದಲ್ಲಿ ಕರಗಿಸಿ, ಆ ನೀರನ್ನು ಕೂದಲಿನಷ್ಟು ಸಣ್ಣ ಸೂಜಿಯೊಳಗೆ ಹಾಯಿಸುತ್ತಿದ್ದರು. ಸೂಜಿಗೆ ಸಾವಿರಾರು ವೋಲ್ಟಿನ ಕರೆಂಟು. ತುದಿಯಿಂದ ಅದು ಮಂಜಿನಂತೆ ಸಿಡಿಯುತ್ತಿತ್ತು, ಹನಿಹನಿಗೂ ಚಾರ್ಜು. ಬಿಸಿ ಗಾಳಿ ತಾಗಿ ಹನಿ ಆರುತ್ತ ಸಣ್ಣದಾದಂತೆ ಚಾರ್ಜುಗಳಿಗೆ ಜಾಗ ಸಾಲದೆ ಒಂದನ್ನೊಂದು ನೂಕಿ ಹನಿಯನ್ನೇ ಒಡೆಯುತ್ತಿದ್ದವು. ಒಡೆದದ್ದು ಮತ್ತೆ ಆರಿ, ಮತ್ತೆ ಒಡೆದು, ಕೊನೆಗೆ ಅಣುವೊಂದೇ ಚಾರ್ಜು ಹೊತ್ತು ಉಳಿಯುತ್ತಿತ್ತು.

"ಹಳೇ ಪದ್ಧತ್ಯಾಗ ಎಲೆಕ್ಟ್ರಾನಿನಿಂದ ಹೊಡೀತಿದ್ರು. ನಾಜೂಕಿನ ಅಣು ಚೂರಾಗಿ ಹೋಗ್ತಿತ್ತು," ಎಂದ ಅಮರೇಶ್. "ಇದರಾಗ ಮುರಿಯಂಗಿಲ್ಲ. ಇಡಿಯಾಗೇ ಒಳಗ ಹೋಗಿ ತನ್ನ ತೂಕ ಹೇಳತೈತಿ."

ರೇಣುಕಾ ಆ ಕೆಲಸವನ್ನು ಮನಸ್ಸಿಟ್ಟು ಕಲಿತಳು. ಪರದೆಯ ಮೇಲೆ ಒಂದೊಂದು ಗೆರೆ ಏಳುವುದನ್ನು ನೋಡುತ್ತ ಕೂತರೆ ಹೊತ್ತು ಹೋಗುತ್ತಿತ್ತು.

ಒಂದು ಬೆಳಿಗ್ಗೆ ತೆಕ್ಕಲಕೋಟೆಯ ಕೂಸೊಂದರ ರಕ್ತದಲ್ಲಿ ಲ್ಯೂಸಿನ್ನಿನ ಗೆರೆ ಉಳಿದೆಲ್ಲವನ್ನೂ ಮೀರಿ ನಿಂತಿತು. ಲ್ಯೂಸಿನ್ ಎಂದರೆ ಹಾಲಿನ ಪ್ರೋಟೀನಿನೊಳಗೇ ಇರುವ ಒಂದು ಅಂಶ. ಅಮರೇಶ್ ಇನ್ನೊಮ್ಮೆ ಓಡಿಸಿ ನೋಡಿ, ಫೋನ್ ಎತ್ತಿಕೊಂಡು ಆಸ್ಪತ್ರೆಯ ಡಾಕ್ಟರನ್ನು ಕೇಳಿದ: "ಸರ್, ಆ ಕೂಸಿನ ಉಚ್ಚಿ ಸುಟ್ಟ ಬೆಲ್ಲದ ವಾಸನಿ ಬರ್ತೈತೇನು, ಕೇಳಿ ನೋಡ್ರಿ. ತಾಯಿ ಹಾಲು ಸದ್ಯಕ್ಕ ನಿಲ್ಲಿಸಬೇಕಾಗತೈತಿ."

ಅವನು ಫೋನ್ ಇಡುವುದನ್ನೇ ಕಾದು ರೇಣುಕಾ ಕೇಳಿದಳು.

"ಸರ, ಹಾಲು ಯಾಕ ನಿಲ್ಲಿಸಬೇಕು?"

"ಹಾಲಾಗಿನ ಲ್ಯೂಸಿನ್ ಅರಗಿಸೋ ಶಕ್ತಿ ಆ ಕೂಸಿನ ಮೈಯಾಗಿಲ್ಲ. ಹುಟ್ಟಿನಿಂದs ಇಲ್ಲ. ಅರಗದ್ದು ಮೆದುಳಿಗೇರತೈತಿ. ಅದಿಲ್ಲದ ಬ್ಯಾರೆ ಪುಡಿ ಹಾಲು ಐತಿ, ಬೆಂಗಳೂರಿನಿಂದ ತರಸ್ತಾರ."

ಆ ಕೂಸು ಉಳಿಯಿತು. ಅದರ ಅಪ್ಪ ಗಾದೆಪ್ಪ ಒಂದು ದಿನ ಪೇಡೆ ತಂದು ಎಲ್ಲರಿಗೂ ಹಂಚಿದ. ರೇಣುಕಾ ಒಂದನ್ನು ತೆಗೆದುಕೊಂಡು, ಒಳ್ಳೇದಾಗಲಿ ಅಣ್ಣ ಎಂದು, ಹೊರಗಿನ ನಲ್ಲಿಯ ಹತ್ತಿರ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಅವಳು, ಎರ್ರೆಪ್ಪ ಇಬ್ಬರೂ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದರು. ಆ ದೋಷ ಇಬ್ಬರಲ್ಲೂ ಅಡಗಿತ್ತು. ಒಂದೇ ಮನೆತನದ ರಕ್ತ; ಎರಡೂ ಕಡೆಯಿಂದ ಇಳಿದು ಕೂಸಿನಲ್ಲಿ ಎದ್ದಿತ್ತು. ಆ ಭಾನುವಾರ ಕರೂರಿನ ಪಡಸಾಲೆಯಲ್ಲಿ ಕೂತು ರೇಣುಕಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಜಂಬಮ್ಮನ ಮುಂದೆ ಹೇಳಬಾರದೆಂದೇ ಬಳ್ಳಾರಿಯಲ್ಲಿ ಬಸ್ಸು ಹತ್ತಿದ್ದಳು. ಆದರೆ ಪರೀಕ್ಷೆಯಲ್ಲಿ ಏನು ಬಂತೆಂದು ಎರ್ರೆಪ್ಪ ಅಲ್ಲೇ ಕೇಳಿದ. ಅವನಿಗೆ ಸುಳ್ಳು ಹೇಳಲು ಅವಳಿಗೆ ಬರಲಿಲ್ಲ.

ಜಂಬಮ್ಮ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಬ್ಯಾಡಂತ ಮುಖ ತಿರುವ್ತಿತ್ತಲ್ಲೇ ಕೂಸು. ನಾನs ಬಾಯಿ ತೆರಸಿ ಹಾಕಿದೆ."

"ಯಾರಿಗೂ ಗೊತ್ತಿರಲಿಲ್ಲ ಅಜ್ಜಿ. ಹಿಂಡಿ ಕೊಟ್ಟಾಕಿ ನಾನು."

"ನಿನಗ ಗೊತ್ತಿರಲಿಲ್ಲ. ಕೂಸಿಗೆ ಗೊತ್ತಿತ್ತು," ಎಂದಳು ಮುದುಕಿ.

ಎರ್ರೆಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ರೇಣುಕಾ ಬಂದು ಪಕ್ಕದಲ್ಲಿ ಕೂತಳು. "ಇನ್ನೊಂದು ಕೂಸಾದ್ರ ಹುಟ್ಟಿದ ದಿನಾನೇ ನೋಡಬಹುದು ಮಾವ, ಉಳಿಸಬಹುದು," ಎಂದಳು. ಅವನು ತಲೆಯಾಡಿಸಿದ, ಹೂಂ ಎಂದೋ ಒಲ್ಲೆ ಎಂದೋ ಅವಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ. ಒಳಗೆ ಜಂಬಮ್ಮ ಸತ್ತ ಕೂಸನ್ನು ನೆನೆದು, ಈಗಷ್ಟೇ ಹೋಯಿತೇನೋ ಎಂಬಂತೆ ಹಾಡಿಕೊಂಡು ಅಳತೊಡಗಿದ್ದಳು.